ನೇರ ಯಂತ್ರ, ಉಬ್ಬಿದ ಗಿಟಾರ್: ಮನೆಯಲ್ಲೇ ಮಾಡಿಕೊಳ್ಳುವ ಜಿಗ್‌ಗಳು

ಅಕೌಸ್ಟಿಕ್ ಗಿಟಾರ್‌ನ ಬೆನ್ನಿಗೆ ಅಡ್ಡಲಾಗಿ ಒಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ನಡುವೆ ತಾಗುತ್ತದೆ, ಎರಡೂ ಅಂಚಿನಲ್ಲಿ ಸಂದಿ ಕಾಣುತ್ತದೆ. ಮುಂಭಾಗವೂ ಹಾಗೆಯೇ, ಉಬ್ಬು ಮಾತ್ರ ಕಡಿಮೆ. ಸ್ಟೀಲ್ ತಂತಿಯ ಗಿಟಾರ್‌ಗಳಲ್ಲಿ ಮುಂಭಾಗಕ್ಕೆ 28 ಅಡಿ, ಬೆನ್ನಿಗೆ 15 ಅಡಿ ತ್ರಿಜ್ಯದ ಉಬ್ಬು ಕೊಡುವುದು ಹೆಚ್ಚಿನವರ ರೂಢಿ. ತಂತಿಗಳ ಎಳೆತವನ್ನೂ ಹವೆಯ ಏರುಪೇರನ್ನೂ ತೆಳು ಹಲಗೆ ತಾಳಿಕೊಳ್ಳಲು ಇದು ಬೇಕು. ನಮ್ಮ ರೂಟರ್, ಟ್ರಿಮ್ಮರ್‌ಗಳಿಗೋ ಸಮತಟ್ಟು ಬಿಟ್ಟರೆ ಬೇರೆ ಗೊತ್ತಿಲ್ಲ. ಪೀಠೋಪಕರಣ ಮಾಡಿ ಕೈ ಪಳಗಿದವರೂ ಗಿಟಾರ್‌ನಲ್ಲಿ ಎಡವುವುದು ಇಲ್ಲೇ. ಹೊಸ ಯಂತ್ರ ಕೊಳ್ಳಬೇಕಿಲ್ಲ, ಇರುವುದನ್ನು ಬೇರೆ ದಾರಿಯಲ್ಲಿ ಓಡಿಸಬೇಕು.

ಮೊದಲು ಬೇಕಾದದ್ದು ತಗ್ಗು ತಟ್ಟೆ. 600 ಮಿ.ಮೀ. ಅಗಲದ ಗುಂಡು ಎಂಡಿಎಫ್ ಹಲಗೆಯನ್ನು ಒಳಗೆ ಕೊರೆದು ಮಾಡುವ ಅಚ್ಚು ಇದು. 18 ಮಿ.ಮೀ.ನ ಎರಡು ಹಲಗೆ ಅಂಟಿಸಿಕೊಂಡರೆ ಡೊಂಕಾಗುವುದಿಲ್ಲ. ಇದನ್ನು ಕೊರೆಯಲು ರೂಟರ್ ಜಾರುವ ಎರಡು ಹಳಿ ಬೇಕು. ಪ್ರತಿ ಹಳಿಯೂ 900 ಮಿ.ಮೀ. ಉದ್ದ, ಮೇಲಂಚು ಬಾಗಿ ತಗ್ಗಿರಬೇಕು.

28 ಅಡಿಯ ಕೈವಾರ ಎಲ್ಲಿಂದ ತರುವುದು? ಲೆಕ್ಕ ಸುಲಭ: ಹಳಿಯ ಅರ್ಧ ಉದ್ದದ ವರ್ಗವನ್ನು ತ್ರಿಜ್ಯದ ಎರಡರಷ್ಟರಿಂದ ಭಾಗಿಸಿ. 28 ಅಡಿಗೆ ನಡುವಿನ ತಗ್ಗು 11.9 ಮಿ.ಮೀ., 15 ಅಡಿಗೆ 22.1 ಮಿ.ಮೀ. ಎರಡು ತುದಿಗೆ ಮೊಳೆ, ನಡುವೆ ಒಂದು ಮೊಳೆ ಹೊಡೆದು ತೆಳು ಪಟ್ಟಿ ಬಗ್ಗಿಸಿ ಗೆರೆ ಎಳೆಯುವವರಿದ್ದಾರೆ. ಅದು ಸಾಲದು. ಮೂರೇ ಕಡೆ ಒತ್ತಿದ ಪಟ್ಟಿ ವೃತ್ತದಂತೆ ಬಾಗುವುದಿಲ್ಲ, ನಡುವೆ ಮೊನಚಾಗಿ, ಪಕ್ಕಗಳಲ್ಲಿ ಸಪ್ಪಟೆಯಾಗುತ್ತದೆ. ಕಾಲುಭಾಗದ ಎರಡು ಕಡೆಯೂ ಮೊಳೆ ಬೇಕು, ಅಲ್ಲಿನ ತಗ್ಗು ನಡುವಿನದರ ಮುಕ್ಕಾಲು, ಅಂದರೆ 8.9 ಅಥವಾ 16.6 ಮಿ.ಮೀ.

ಗೆರೆಯಂತೆ ಕತ್ತರಿಸಿ, ಎರಡೂ ಹಳಿಗಳನ್ನು ಜೋಡಿಸಿ ಹಿಡಿದು ಒಟ್ಟಿಗೇ ಉಜ್ಜಿ. ಗುಂಡು ಹಲಗೆಯ ನಡುವೆ ತೂತು ಕೊರೆದು ಕೆಳಗಿನ ಹಲಗೆಯ ಗೂಟದ ಮೇಲೆ ತಿರುಗುವಂತೆ ಕೂರಿಸಿ. ಹಳಿಗಳ ಅತಿ ತಗ್ಗಿನ ಜಾಗ ಆ ಗೂಟಕ್ಕೆ ಸರಿಯಾಗಿ ಬರಬೇಕು. ರೂಟರನ್ನು ಅಗಲ ಪಟ್ಟಿಗೆ ಬಿಗಿದು ಹಳಿಗಳ ಮೇಲಿಟ್ಟು, ಅಂಚಿನಿಂದ ಶುರು ಮಾಡಿ: ರೂಟರನ್ನು ಒಂದು ಜಾಗದಲ್ಲಿ ಕ್ಲ್ಯಾಂಪ್ ಮಾಡಿ, ತಟ್ಟೆಯನ್ನು ಕೈಯಲ್ಲಿ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ರೂಟರನ್ನು ಸ್ವಲ್ಪ ಒಳಕ್ಕೆ ಸರಿಸಿ, ಮತ್ತೆ ತಿರುಗಿಸಿ. ಒಂದು ಸಲಕ್ಕೆ 3 ಮಿ.ಮೀ.ಗಿಂತ ಆಳ ಬೇಡ. ಹಲಗೆ ಬಿಟ್‌ನ ಹಲ್ಲಿಗೆ ಎದುರಾಗಿಯೇ ಬರಬೇಕು. ಅದೇ ದಿಕ್ಕಿಗೆ ಹೋದರೆ ತಟ್ಟೆ ಕೈಯಿಂದ ಕಿತ್ತುಕೊಂಡು ಓಡುತ್ತದೆ.

ಕೊನೆಗೆ ತಟ್ಟೆಯೊಳಗೆ 80 ನಂಬರಿನ ಸ್ಯಾಂಡ್ ಪೇಪರ್ ಅಂಟಿಸಿ. ಗಿಟಾರ್‌ನ ಬಾಗಿದ ಪಕ್ಕಗಳನ್ನು ಇದರಲ್ಲಿ ಬೋರಲಾಗಿಟ್ಟು ಅತ್ತಿತ್ತ ತಿರುಗಿಸಿದರೆ ಅಂಚು ಉಬ್ಬಿಗೆ ತಕ್ಕಂತೆ ಸವೆಯುತ್ತದೆ. ಒಳಗಿನ ಆಧಾರಪಟ್ಟಿಗಳೂ ಇಲ್ಲೇ ರೂಪ ಪಡೆಯುತ್ತವೆ. ತಟ್ಟೆಗೆ ಮೋಟರ್ ಜೋಡಿಸಿ ತಿರುಗಿಸುವವರಿದ್ದಾರೆ, ಮೊದಲ ಗಿಟಾರ್‌ಗೆ ಆ ಆತುರ ಬೇಡ.

ಪಕ್ಕದ ಹಲಗೆ ಬಗ್ಗಿಸುವುದನ್ನು ಚುಟುಕಾಗಿ ಹೇಳುತ್ತೇನೆ. ಸುಮಾರು 2 ಮಿ.ಮೀ.ಗೆ ತೆಳುವಾದ ಹಲಗೆಯನ್ನು ಒದ್ದೆ ಮಾಡಿ, ಅಚ್ಚಿನ ಮೇಲೆ ಬಿಸಿಯಲ್ಲಿ ಒತ್ತಬೇಕು. ಅಮೆರಿಕದ ಚಾರ್ಲ್ಸ್ ಫಾಕ್ಸ್ ರೂಪಿಸಿದ ಯಂತ್ರದಲ್ಲಿ ಬಿಸಿ ಕೊಡುತ್ತಿದ್ದುದು ಹಳೆಯ ಕಾಲದ ಬಲ್ಬುಗಳು. ಎಲ್‌ಇಡಿ ಬಂದ ಮೇಲೆ ಆ ಬಲ್ಬು ಹುಡುಕುವುದಕ್ಕಿಂತ ಸಿಲಿಕೋನ್ ಹೀಟಿಂಗ್ ಬ್ಲ್ಯಾಂಕೆಟ್ ವಾಸಿ. ಅದಕ್ಕೆ ತಾಪ ನಿಯಂತ್ರಕ ಇರಲೇಬೇಕು.

ಹಲಗೆಗಳನ್ನು ಅಂಟಿಸಿ ಪೆಟ್ಟಿಗೆ ಮುಚ್ಚಿದ ಮೇಲೆ, ನಾವೇ ಕೊಟ್ಟ ಉಬ್ಬು ನಮ್ಮನ್ನು ಕಾಡುತ್ತದೆ. ಅಂಚಿಗೆ ಬೈಂಡಿಂಗ್ ಪಟ್ಟಿ ಕೂರಿಸಲು ಸುಮಾರು 6 ಮಿ.ಮೀ. ಎತ್ತರ, 2 ಮಿ.ಮೀ. ಅಗಲದ ಮೆಟ್ಟಿಲು ಕೊರೆಯಬೇಕು. ಟ್ರಿಮ್ಮರನ್ನು ನೇರವಾಗಿ ಹಲಗೆಯ ಮೇಲಿಟ್ಟರೆ ಉಬ್ಬಿಗೆ ವಾಲುತ್ತದೆ, ಮೆಟ್ಟಿಲು ಓರೆಯಾಗುತ್ತದೆ. ಪರಿಹಾರ ಅಡುಗೆಮನೆಯ ಡ್ರಾಯರ್‌ನಲ್ಲಿದೆ. ಟೆಲಿಸ್ಕೋಪಿಕ್ ಚಾನೆಲ್ ಜೋಡಿಯೊಂದನ್ನು ನಿಲುವು ಹಲಗೆಗೆ ಲಂಬವಾಗಿ ಜೋಡಿಸಿ, ಅದಕ್ಕೆ ಟ್ರಿಮ್ಮರ್ ಬಿಗಿಯಿರಿ. ಟ್ರಿಮ್ಮರ್ ಈಗ ಮೇಲೆ ಕೆಳಗೆ ತೇಲುತ್ತದೆ, ವಾಲುವುದಿಲ್ಲ. ಅಡಿಗೆ ಬಿಟ್ ಸುತ್ತ ಕಿರಿದಾದ ಬಳೆಯೊಂದನ್ನು ಅಂಟಿಸಿ, ಅಂಚಿನ ಪಕ್ಕದಲ್ಲಿ ಕೂರುವುದು ಅದೊಂದೇ ಆಗಿರಲಿ. ಮುಂಭಾಗದ ಸ್ಪ್ರೂಸ್ ಮೆತ್ತನೆಯ ಮರ, ಗೀರು ಬೀಳದಂತೆ ಬಳೆಗೆ ಟೇಪ್ ಸುತ್ತಿ. ಗಿಟಾರನ್ನು ಪಕ್ಕಗಳು ನೆಟ್ಟಗೆ ನಿಲ್ಲುವಂತೆ ತೊಟ್ಟಿಲಲ್ಲಿ ಕೂರಿಸಿ, ಬಿಟ್‌ನ ಬೇರಿಂಗ್‌ಗೆ ಒತ್ತಿ ಓಡಿಸಿ. ಇಲ್ಲಿ ಚಲಿಸುವುದು ಗಿಟಾರ್, ಯಂತ್ರವಲ್ಲ. ಅಗ್ಗದ ಚಾನೆಲ್ ಅಲುಗಾಡುತ್ತದೆ, ಕೊಳ್ಳುವಾಗ ಪೂರ್ತಿ ಎಳೆದು ಪಕ್ಕಕ್ಕೆ ಜಗ್ಗಿ ನೋಡಿ.

ಸುತ್ತ ಒಂದೇ ಓಟದಲ್ಲಿ ಕೊರೆಯಲು ಹೋದರೆ ಸ್ಪ್ರೂಸ್‌ನ ಎಳೆ ಎದ್ದು ಚೂರು ಹಾರುತ್ತದೆ. ಎರಡು ಪಕ್ಕದಲ್ಲೂ ಅತಿ ಅಗಲದ ಜಾಗದಿಂದ ಶುರು ಮಾಡಿ ಸೊಂಟದ ಕಡೆಗೆ, ಮತ್ತೆ ಅದೇ ಅಗಲದ ಜಾಗದಿಂದ ತುದಿಯ ಕಡೆಗೆ ಕೊರೆಯಿರಿ, ಎಳೆ ಒಳಗೇ ಅದುಮಿಕೊಳ್ಳುತ್ತದೆ. ಹೀಗೆ ಮಾಡುವಾಗ ಅರ್ಧದಷ್ಟು ಓಟಗಳಲ್ಲಿ ಬಿಟ್ ತಿರುಗುವ ದಿಕ್ಕಿಗೇ ಕೆಲಸ ಸಾಗುತ್ತದೆ, ಯಂತ್ರ ಎಳೆಯುತ್ತದೆ. ಅಲ್ಲಿ ಅರ್ಧ ಮಿ.ಮೀ.ಯಷ್ಟೇ ತೆಗೆಯುತ್ತ, ಗಿಟಾರನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದಿರಿ.

ಬೆನ್ನು, ಪಕ್ಕಗಳಿಗೆ ಜಗತ್ತಿನ ಗಿಟಾರ್ ತಯಾರಕರು ಬಯಸುವ ಮರ ನಮ್ಮ ಬೀಟೆ. ಬಿಲ್ ಇಲ್ಲದ ತುಂಡು ಎಷ್ಟೇ ಅಗ್ಗವಾದರೂ ಬೇಡ. ಬೀಟೆಯ ಧೂಳು ಚರ್ಮಕ್ಕೂ ಉಸಿರಿಗೂ ಅಲರ್ಜಿ ತರಬಲ್ಲದು, ಮರದ ಧೂಳನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಗಿದೆ. ಎನ್‌95 ಮಾಸ್ಕ್ ಹಾಕಿ, ವ್ಯಾಕ್ಯೂಮ್‌ನ ಬಾಯಿಯನ್ನು ಬಿಟ್‌ನ ಪಕ್ಕದಲ್ಲೇ ಕಟ್ಟಿ, ಸ್ವಿಚ್ ಆಮೇಲೆ ಒತ್ತಿ.