ದಿನಕ್ಕೆ ಎಷ್ಟು ಚಡ್ಡಿ ಬದಲಾಯಿಸ್ತೀರ, ಅಣ್ಣಾ?

ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡು ಊರಿಗೆ ಬಂದ ಗಂಡಸರು ಖರ್ಚಿನ ಬಗ್ಗೆ ಮಾತಾಡುತ್ತಾರೆ, ಹೊಲಿಗೆಯ ನೋವಿನ ಬಗ್ಗೆಯೂ ಹೇಳುತ್ತಾರೆ. ಉಚ್ಚೆ ತಾನಾಗಿ ಸೋರುವುದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ಯೂರಾಲಜಿ ವಾರ್ಡಿನಲ್ಲಿ ನರ್ಸ್ ಆಗಿದ್ದು ಈಗ ಬೂದಿಕೋಟೆಗೆ ಮರಳಿರುವ ನನಗೆ ಈ ಸುದ್ದಿ ತಲುಪುವುದು ಮನೆಯ ಹೆಂಗಸರಿಂದ. “ಮಧ್ಯಾಹ್ನದ ಮೇಲೆ ನೀರೇ ಮುಟ್ಟಲ್ಲ ಸಿಸ್ಟರ್, ಬಂಗಾರಪೇಟೆಗೆ ಬಸ್ ಹತ್ತಲ್ಲ, ಮದುವೆಗೂ ಬರಲ್ಲ ಅಂತಾರೆ.”

“ಸೋರುತ್ತಾ?” ಎಂದು ಕೇಳಿದರೆ “ಇಲ್ಲ” ಎಂದೇ ಉತ್ತರ. “ದಿನಕ್ಕೆ ಎಷ್ಟು ಚಡ್ಡಿ ಬದಲಾಯಿಸ್ತೀರ, ಅಣ್ಣಾ?” ಎಂದರೆ ಲೆಕ್ಕ ಬರುತ್ತದೆ. ಆಮೇಲೆ ಮಾತು ಸುಲಭ.

ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬಾಯಿಯ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು. ಅದನ್ನು ತೆಗೆದಾಗ ಉಚ್ಚೆ ತಡೆಯುವ ಒಳಗಿನ ಬಿಗಿತವೂ ಹೋಗುತ್ತದೆ. ಉಳಿದ ಕೆಳಗಿನ ಸ್ನಾಯುಗಳೇ ಪೂರ್ತಿ ಭಾರ ಹೊರಬೇಕು. ಸಂಜೆ ಹೊತ್ತಿಗೆ ಅವು ಸೋಲುತ್ತವೆ. ಬೆಳಿಗ್ಗೆಗಿಂತ ಸಂಜೆ ಹೆಚ್ಚು ಸೋರುವುದು ಅದಕ್ಕೇ. ಇಷ್ಟು ತಿಳಿದರೆ ಅರ್ಧ ಭಯ ಇಳಿಯುತ್ತದೆ.

ಈ ಸ್ನಾಯುಗಳ ವ್ಯಾಯಾಮವನ್ನು ಆಪರೇಷನ್‌ಗೆ ಮುಂಚೆಯೇ ಕಲಿಸಬೇಕು ಎಂಬುದು ನನ್ನ ಹಟ. ಆಪರೇಷನ್ ಆದಮೇಲೆ ಉಚ್ಚೆಯ ಪೈಪು ತೆಗೆಯುವ ತನಕ ಮಾಡಬಾರದು. ಮಂಡಿ ಮಡಚಿ ಮಲಗಿಸಿ “ಬಿಗಿ ಹಿಡೀರಿ” ಎಂದರೆ ಹೆಚ್ಚಿನವರು ಉಸಿರು ಕಟ್ಟಿ ಹೊಟ್ಟೆ, ತೊಡೆ, ಕುಂಡಿ ಎಲ್ಲ ಬಿಗಿಯುತ್ತಾರೆ. ಹಾಗೆ ಮಾಡಿದರೆ ಒತ್ತಡ ಮೂತ್ರಕೋಶದ ಮೇಲೆ ಬಿದ್ದು ಇನ್ನೂ ಸೋರುತ್ತದೆ. “ಜನರ ಮಧ್ಯೆ ಗ್ಯಾಸ್ ತಡ್ಕೋತೀರಲ್ಲ, ಹಂಗೆ” ಎಂದಾಗ ಸರಿಯಾದ ಜಾಗ ಸಿಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಶಿಶ್ನದ ಬುಡ ಒಳಕ್ಕೆ ಜಗ್ಗಿ, ಬೀಜ ತುಸು ಮೇಲೇಳಬೇಕು. 5 ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಬಿಟ್ಟು, 10 ಸಲ. ದಿನಕ್ಕೆ 3 ಹೊತ್ತು.

ಹಾಲಿನ ಡೇರಿಗೆ ಕ್ಯಾನ್ ಹೊರುವ ಹಿರಿಯರೊಬ್ಬರಿಗೆ, ವೈದ್ಯರು ಭಾರ ಎತ್ತಲು ಒಪ್ಪಿಗೆ ಕೊಟ್ಟ ಮೇಲೆ, ಅಂಗಳದಲ್ಲೇ ಅಭ್ಯಾಸ ಮಾಡಿಸಿದೆ: ಮೊದಲು ಬಿಗಿ, ಆಮೇಲೆ ಎತ್ತು. ಕೆಮ್ಮುವ ಮುಂಚೆ, ನೆಲದಿಂದ ಏಳುವ ಮುಂಚೆಯೂ ಹಾಗೇ. ಮಲಗಿ ಮಾಡುವ ಕಸರತ್ತಿಗಿಂತ ಇದು ಅವರ ಕೈಹಿಡಿಯಿತು.

ಆದರೆ ಸುಳ್ಳು ಭರವಸೆ ಕೊಡಬಾರದು. 2000ದಲ್ಲಿ ಬೆಲ್ಜಿಯಂನಿಂದ ಬಂದ ಅಧ್ಯಯನದಲ್ಲಿ ತರಬೇತಿ ಪಡೆದವರ ಪೈಕಿ ಶೇ. 88 ಮಂದಿ 3 ತಿಂಗಳಿಗೆ ಹತೋಟಿ ಪಡೆದಿದ್ದರು, ಪಡೆಯದವರಲ್ಲಿ ಶೇ. 56. 2011ರ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, 6 ವಾರಕ್ಕೂ ಸೋರುತ್ತಿದ್ದವರಿಗೆ ಒಬ್ಬೊಬ್ಬರನ್ನೇ ಕೂರಿಸಿ ಕಲಿಸಿದರೂ ವರ್ಷದ ಕೊನೆಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ “ಬೇಗ ವಾಸಿಯಾಗೋಕೆ ಸಹಾಯ ಆಗಬಹುದು” ಎಂದಷ್ಟೇ ಹೇಳುತ್ತೇನೆ. ರೈತನಿಗೆ ಕೆಲವು ತಿಂಗಳು ಮುಂಚೆ ಎಂದರೆ ಒಂದು ಬೆಳೆಯ ಕಾಲ. ಅದು ಸಣ್ಣ ವಿಷಯವಲ್ಲ.

ನಾನು ಜಗಳವಾಡುವುದು ನೀರಿನ ವಿಷಯಕ್ಕೆ. ಬಿಸಿಲಿನ ನಮ್ಮ ಸೀಮೆಯಲ್ಲಿ ನೀರು ಬಿಟ್ಟರೆ ಉಚ್ಚೆ ಗಟ್ಟಿಯಾಗಿ ಮೂತ್ರಕೋಶ ಕೆರಳುತ್ತದೆ, ಅವಸರ ಹೆಚ್ಚುತ್ತದೆ, ಮಲಬದ್ಧತೆಯೂ ಬಂದು ಮುಕ್ಕುವಂತಾಗುತ್ತದೆ. ಕಾಫಿ, ಟೀ ಕಡಿಮೆ ಮಾಡಿ, ನೀರು ಹಗಲಲ್ಲಿ ಹಂಚಿಕೊಂಡು ಕುಡಿಯಿರಿ. ಪಂಚೆ ಉಡುವವರಿಗೆ ಪ್ಯಾಡ್ ನಿಲ್ಲುವುದಿಲ್ಲ. ಒಳಗೆ ಬಿಗಿ ಚಡ್ಡಿ ಬೇಕು. ಒದ್ದೆಯಾದರೆ ತೊಳೆದು, ಒತ್ತಿ ಒರೆಸಿ, ಜಿಂಕ್ ಮುಲಾಮು ಹಚ್ಚಿ. ಒದ್ದೆ ಪ್ಯಾಡ್ ತೂಗಿ ಒಣ ಪ್ಯಾಡಿನ ತೂಕ ಕಳೆದರೆ, 1 ಗ್ರಾಂಗೆ 1 ಮಿಲಿಲೀಟರ್ ಲೆಕ್ಕ. ವಾರಕ್ಕೊಂದು ದಿನದ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡಿ. ಅದು ಇಳಿಯುತ್ತ ಬಂದರೆ, ಕಣ್ಣಿಗೆ ಕಾಣದ ಸುಧಾರಣೆ ಅಲ್ಲಿ ಕಾಣುತ್ತದೆ.

ಧಾರೆ ಸಣ್ಣದಾಗುತ್ತ, ಮುಕ್ಕಿದರೂ ಬರದೆ ತೊಟ್ಟಿಕ್ಕಿದರೆ ಅದು ವ್ಯಾಯಾಮದ ವಿಷಯವಲ್ಲ. ಹೊಲಿದ ಜಾಗ ಕಿರಿದಾಗಿರಬಹುದು. ಜ್ವರ, ರಕ್ತದ ಗಡ್ಡೆ ಕಂಡರೆ ಅಥವಾ ಉಚ್ಚೆ ಪೂರ್ತಿ ನಿಂತರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ವರ್ಷವಾದರೂ ತುಂಬ ಸೋರುತ್ತಿದ್ದರೆ ಕೃತಕ ಕವಾಟ ಅಳವಡಿಸುವ ಆಪರೇಷನ್ ಇದೆ. ಡಾಕ್ಟರ ಹತ್ತಿರ ಹೋಗುವಾಗ ಆ ತೂಕದ ಪುಸ್ತಕವನ್ನು ಜೊತೆಗೆ ಒಯ್ಯಿರಿ.