ಐದು ಸಾವಿರದೊಳಗೆ ಗ್ರಾಫಿಕ್ಸ್ ಕಾರ್ಡ್‌ಗೆ ನೀರಿನ ತಂಪು

ಏಪ್ರಿಲ್, ಮೇ ಬಂತೆಂದರೆ ಕೊಣ್ಣೂರ, ಗೋಕಾಕ, ಘಟಪ್ರಭಾ ಕಡೆ ಮದುವೆಯೂ ಜೋರು, ಬಿಸಿಲೂ ಜೋರು. ಮದುವೆ ವಿಡಿಯೊ ಎಡಿಟ್ ಮಾಡುವವರಿಗೆ ಕೆಲಸ ಕೈತುಂಬ ಇರುವುದೂ ಇದೇ ದಿನಗಳಲ್ಲಿ. ಪತ್ರಾಸ್ ಹೊದಿಸಿದ ಕೋಣೆಯಲ್ಲಿ ಮಧ್ಯಾಹ್ನ ರೆಂಡರ್ ಹಚ್ಚಿದರೆ ಗ್ರಾಫಿಕ್ಸ್ ಕಾರ್ಡ್‌ನ ಫ್ಯಾನ್ ಕೂಗತೊಡಗುತ್ತದೆ. ಚಿಪ್‌ನ ಶಾಖ 83 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಎನ್‌ವಿಡಿಯಾದ ಬಹಳಷ್ಟು ಕಾರ್ಡ್‌ಗಳು ತಾವಾಗಿಯೇ ವೇಗ ತಗ್ಗಿಸುತ್ತವೆ. ರಾತ್ರಿ ಬೇಗ ಮುಗಿಯುವ ರೆಂಡರ್ ಮಧ್ಯಾಹ್ನ ಎಳೆಯುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ನೀರಿನ ಕೂಲಿಂಗ್ ಇದಕ್ಕೊಂದು ಪರಿಹಾರ. ಆದರೆ ಅದು ಮೊದಲ ಪರಿಹಾರವಲ್ಲ.

ಮೊದಲು ಜಿಪಿಯು-ಝಡ್ ಅಥವಾ ಎಚ್‌ಡಬ್ಲ್ಯುಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅರ್ಧ ಗಂಟೆ ನಿಮ್ಮ ನಿತ್ಯದ ಕೆಲಸವನ್ನೇ ಮಾಡುತ್ತ ಶಾಖ ನೋಡಿ ಬರೆದಿಟ್ಟುಕೊಳ್ಳಿ. ನಂತರ ಕಾರ್ಡ್ ಹೊರತೆಗೆದು ಬ್ಲೋವರ್‌ನಿಂದ ಧೂಳು ಹೊಡೆಯಿರಿ. ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು, ಬಿಟ್ಟರೆ ಅತಿವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ರಸ್ತೆ ಧೂಳು, ಕಬ್ಬಿನ ಹಂಗಾಮಿನ ಬೂದಿ ಎರಡೂ ಇರುವ ಊರುಗಳಲ್ಲಿ ಹೀಟ್‌ಸಿಂಕ್‌ನ ಸಂದುಗಳು ಒಂದೇ ವರ್ಷದಲ್ಲಿ ಮುಚ್ಚಿಹೋಗಿರುತ್ತವೆ. ಮೂರು ನಾಲ್ಕು ವರ್ಷ ದಾಟಿದ ಕಾರ್ಡ್ ಆದರೆ ಒಣಗಿದ ಥರ್ಮಲ್ ಪೇಸ್ಟ್ ಬದಲಿಸಿ. ಆಮೇಲೆ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಪವರ್ ಲಿಮಿಟ್ ಅನ್ನು ಶೇ 80ಕ್ಕೆ ಇಳಿಸಿ ನೋಡಿ. ವೇಗ ಕಳೆದುಕೊಳ್ಳುವುದು ಸ್ವಲ್ಪ, ಶಾಖ ಇಳಿಯುವುದು ಹೆಚ್ಚು. ಅರ್ಧಕ್ಕರ್ಧ ಜನರ ತೊಂದರೆ ಇಷ್ಟಕ್ಕೇ ತೀರುತ್ತದೆ ಎಂಬುದು ನನ್ನ ನಂಬಿಕೆ. ತೀರದಿದ್ದರೆ ಮಾತ್ರ ಮುಂದಕ್ಕೆ ಓದಿ.

ನೀರು ಏಕೆ ಎಂದರೆ, ಒಂದು ಕಿಲೊ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಕಿಲೊಜೂಲ್ ಶಾಖ ಹೀರುತ್ತದೆ. ಅಷ್ಟೇ ತೂಕದ ಗಾಳಿ ಹೀರುವುದು ಒಂದು ಕಿಲೊಜೂಲ್. ಟ್ರ್ಯಾಕ್ಟರ್ ಎಂಜಿನ್‌ಗೆ ರೇಡಿಯೇಟರ್ ಇರುವ ಹಾಗೆಯೇ ಇಲ್ಲಿಯೂ ಪಂಪ್ ನೀರನ್ನು ತಿರುಗಿಸುತ್ತದೆ, ರೇಡಿಯೇಟರ್ ಶಾಖವನ್ನು ಹೊರಗೆ ಚೆಲ್ಲುತ್ತದೆ. ಆದರೆ ಈ ನೀರು ಕೋಣೆಯ ಗಾಳಿಗಿಂತ ತಣ್ಣಗಾಗುವುದಿಲ್ಲ. ಕೋಣೆ 38 ಡಿಗ್ರಿ ಇದ್ದರೆ ಚಿಪ್ 60ರ ಆಚೀಚೆ ನಿಂತರೂ ಗೆದ್ದಂತೆಯೇ. ಇದೇ ಕಾರಣಕ್ಕೆ ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ತುಂಬಿ ಬೀಳುವ ದಿನಗಳಲ್ಲೂ ಪೈಪ್ ಮೇಲೆ ಹನಿ ಕಟ್ಟುವ ಭಯವಿಲ್ಲ. ಐಸ್ ಇಡುವುದು, ಫ್ರಿಜ್ ನೀರು ಸುತ್ತಿಸುವುದು ಮಾತ್ರ ಮಾಡಬೇಡಿ. ಆಗ ಹನಿ ಕಟ್ಟೇ ಕಟ್ಟುತ್ತದೆ, ಬೋರ್ಡ್ ಸುಡುತ್ತದೆ.

ಬಿಡಿ ಪಂಪ್, ಬಿಡಿ ರೇಡಿಯೇಟರ್, ಪೈಪ್ ತಂದು ಜೋಡಿಸುವುದು ಕಡಿಮೆ ಖರ್ಚಿನ ದಾರಿಯಲ್ಲ. ಪ್ರೊಸೆಸರ್‌ಗೆಂದು ಮಾರುವ, ಕಾರ್ಖಾನೆಯಲ್ಲೇ ನೀರು ತುಂಬಿ ಮುಚ್ಚಿದ ಎಐಒ ಕೂಲರ್ ಅನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಕೂರಿಸುವುದೇ ನಮಗೆ ಸರಿಯಾದ ದಾರಿ. ಎನ್‌ಝೆಡ್‌ಎಕ್ಸ್‌ಟಿ ಕಂಪನಿ 2013ರಲ್ಲಿ ಕ್ರಾಕನ್ ಜಿ10 ಎಂಬ ಬ್ರಾಕೆಟ್ ಅನ್ನೇ ಇದಕ್ಕಾಗಿ ತಂದಿತ್ತು, ನಂತರ ಜಿ12 ಬಂತು. ಇವು ದುಂಡು ತಳದ ಅಸೆಟೆಕ್ ಮಾದರಿಯ ಪಂಪ್‌ಗಳಿಗೆ ಹೊಂದುತ್ತವೆ. ಚೌಕ ತಳದ ಕೂಲರ್ ಕೊಳ್ಳಬೇಡಿ, ಚಿಪ್ ಸುತ್ತಲಿನ ಕೆಪಾಸಿಟರ್‌ಗಳಿಗೆ ಅದರ ಮೂಲೆ ತಾಗುವ ಸಂಭವ ಹೆಚ್ಚು.

ಜಿಟಿಎಕ್ಸ್ 1660 ಸೂಪರ್‌ನಂಥ 125 ವ್ಯಾಟ್ ಕಾರ್ಡ್‌ಗೆ 120 ಮಿ.ಮೀ. ರೇಡಿಯೇಟರ್ ಸಾಕು. 170 ವ್ಯಾಟ್‌ನ ಆರ್‌ಟಿಎಕ್ಸ್ 3060, 185 ವ್ಯಾಟ್‌ನ ಆರ್‌ಎಕ್ಸ್ 580 ಆದರೆ 240 ಮಿ.ಮೀ. ತೆಗೆದುಕೊಳ್ಳಿ. ಹಳೆಯ ಕೂಲರ್ ಹುಡುಕಿಕೊಂಡು ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋದರೆ ಅಲ್ಲಿಯೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ನೀರು ಜೋರಾಗಿ ಕುಲುಕಿದರೆ ಒಳಗೆ ಕಡಿಮೆಯಾಗಿದೆ ಎಂದರ್ಥ. ರಬ್ಬರ್ ಪೈಪ್ ಮೂಲಕ ವರ್ಷಗಟ್ಟಲೆ ಅದು ಆವಿಯಾಗಿ ಹೋಗುತ್ತಿರುತ್ತದೆ. ಕೂಲರ್, ಬ್ರಾಕೆಟ್, ಸಣ್ಣ ಹೀಟ್‌ಸಿಂಕ್, ಪೇಸ್ಟ್ ಎಲ್ಲ ಸೇರಿ ಐದು ಸಾವಿರ ರೂಪಾಯಿ ದಾಟಿದರೆ ಈ ಯೋಚನೆ ಬಿಡಿ. ಆ ದುಡ್ಡನ್ನು ಹೊಸ ಕಾರ್ಡ್‌ಗೆ ಕೂಡಿಡುವುದು ಲೇಸು.

ಕೂರಿಸುವ ಮೊದಲು ಪಂಪ್‌ಗೆ ಮಾತ್ರ ಕರೆಂಟ್ ಕೊಟ್ಟು, ಪೈಪಿನ ಜೋಡಣೆಗಳ ಕೆಳಗೆ ಟಿಶ್ಯೂ ಕಾಗದ ಹಾಸಿ ಒಂದು ದಿನ ಓಡಿಸಿ. ಕಾಗದ ಒಣಗಿದ್ದರೆ ಕೆಲಸ ಶುರು ಮಾಡಬಹುದು.

ಕಾರ್ಡ್ ಬಿಚ್ಚುವಾಗ ಚಿಪ್ ಸುತ್ತಲಿನ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೀಟ್‌ಸಿಂಕ್ ಎತ್ತುವ ಮುನ್ನ ಫ್ಯಾನ್‌ನ ಸಣ್ಣ ವೈರ್ ಕಳಚಿ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಬಟ್ಟೆಯಿಂದ ಚಿಪ್ ಮೇಲಿನ ಹಳೆಯ ಪೇಸ್ಟ್ ಒರೆಸಿ, ನಾಲ್ಕು ತೂತುಗಳ ಅಂತರವನ್ನು ಅಳತೆಪಟ್ಟಿಯಿಂದ ಅಳೆದು ಬ್ರಾಕೆಟ್ ಹೊಂದುತ್ತದೆಯೇ ನೋಡಿ. ಗ್ರಾಫಿಕ್ಸ್ ಚಿಪ್ ಮೇಲೆ ಪ್ರೊಸೆಸರ್‌ಗೆ ಇರುವಂಥ ಲೋಹದ ಮುಚ್ಚಳವಿರುವುದಿಲ್ಲ. ಪಂಪ್ ಕೂರಿಸುವಾಗ ಒಂದೇ ಸ್ಕ್ರೂವನ್ನು ಪೂರ್ತಿ ಬಿಗಿದರೆ ಚಿಪ್‌ನ ಮೂಲೆ ಚೂರಾಗುತ್ತದೆ, ಕಾರ್ಡ್ ಅಲ್ಲಿಗೆ ಮುಗಿಯಿತು.

ಜನ ಮರೆಯುವುದು ಚಿಪ್‌ನ ಪಕ್ಕದಲ್ಲಿರುವುದನ್ನು. ಮೆಮೊರಿ ಚಿಪ್‌ಗಳೂ ವಿದ್ಯುತ್ ಹಂಚುವ ಮಾಸ್‌ಫೆಟ್‌ಗಳೂ ಅಷ್ಟೇ ಬಿಸಿಯಾಗುತ್ತವೆ. ಹಳೆಯ ಹೀಟ್‌ಸಿಂಕ್ ತೆಗೆದ ಮೇಲೆ ಅವಕ್ಕೆ ಯಾವ ಆಸರೆಯೂ ಇಲ್ಲ. ಪ್ರತಿಯೊಂದಕ್ಕೂ ಸಣ್ಣ ಅಲ್ಯುಮಿನಿಯಂ ಹೀಟ್‌ಸಿಂಕ್ ಅಂಟಿಸಿ, ಅವುಗಳ ಮೇಲೆ ಗಾಳಿ ಬೀಸುವಂತೆ ಒಂದು ಫ್ಯಾನ್ ಇಡಲೇಬೇಕು. ಕ್ಯಾಬಿನೆಟ್‌ನೊಳಗೆ ಕಾರ್ಡ್‌ನ ಮುಖ ನೆಲದ ಕಡೆಗಿರುತ್ತದೆ. ಬೇಸಿಗೆಯಲ್ಲಿ ಅಂಟು ಮೆತ್ತಗಾಗಿ ಹೀಟ್‌ಸಿಂಕ್ ಕಳಚಿ ಮದರ್‌ಬೋರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ. ಆದ್ದರಿಂದ ಒಳ್ಳೆಯ ಥರ್ಮಲ್ ಅಂಟುಪಟ್ಟಿ ಬಳಸಿ, ಅರ್ಧ ನಿಮಿಷ ಒತ್ತಿ ಹಿಡಿದು, ಮರುದಿನ ಎಳೆದು ನೋಡಿ.

ಇನ್ನು ರೇಡಿಯೇಟರ್‌ನ ಜಾಗ. ಅದರ ಮೇಲ್ತುದಿ ಪಂಪ್‌ಗಿಂತ ಎತ್ತರದಲ್ಲಿರಲಿ, ಒಳಗಿನ ಗಾಳಿಗುಳ್ಳೆ ಅಲ್ಲಿ ಸೇರಿಕೊಳ್ಳುತ್ತದೆ. ತಲೆಕೆಳಗಾದರೆ ಗುಳ್ಳೆ ಪಂಪ್‌ಗೆ ಸಿಕ್ಕು ಗುಳುಗುಳು ಸದ್ದು ಬರುತ್ತದೆ, ಪಂಪ್ ಬೇಗ ಸೋಲುತ್ತದೆ. ಪಂಪ್‌ನ ವೈರ್ ಅನ್ನು ಸದಾ ಪೂರ್ಣ ವೇಗ ಕೊಡುವ ಜಾಗಕ್ಕೇ ಜೋಡಿಸಿ. ಹೆಸ್ಕಾಂ ಕರೆಂಟ್ ಹೋದರೆ ಪಂಪ್ ನಿಲ್ಲುತ್ತದಲ್ಲ ಎಂಬ ಚಿಂತೆ ಬೇಡ, ಕಂಪ್ಯೂಟರ್ ಕೂಡ ನಿಂತಿರುತ್ತದೆ, ಶಾಖ ಹುಟ್ಟುವುದೂ ನಿಂತಿರುತ್ತದೆ.

ಎಐಒ ಬಿಟ್ಟು ಬಿಡಿ ಭಾಗಗಳನ್ನೇ ಜೋಡಿಸುವವರಿಗೆ ಒಂದು ಮಾತು: ಬೋರ್ ನೀರು ಬೇಡ, ಘಟಪ್ರಭೆಯ ನಲ್ಲಿ ನೀರೂ ಬೇಡ. ಅದರ ಲವಣ ತಾಮ್ರದ ಬ್ಲಾಕ್‌ನ ಸಣ್ಣ ಗೀರುಗಳಲ್ಲಿ ಕಟ್ಟಿಕೊಳ್ಳುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ಪಾಚಿ ತಡೆಯುವ, ತುಕ್ಕು ತಡೆಯುವ ದ್ರವ ಸೇರಿಸಿಯೇ ಹಾಕಿ. ತಾಮ್ರದ ಬ್ಲಾಕ್, ಅಲ್ಯುಮಿನಿಯಂ ರೇಡಿಯೇಟರ್ ಒಂದೇ ನೀರಿನಲ್ಲಿದ್ದರೆ ಅಲ್ಯುಮಿನಿಯಂ ಸವೆಯುತ್ತದೆ.

ಎಲ್ಲ ಮುಗಿದ ಮೇಲೆ ಮೊದಲು ಬರೆದಿಟ್ಟ ಅಂಕಿಯ ಜೊತೆ ಹೋಲಿಸಿ. 15ರಿಂದ 25 ಡಿಗ್ರಿ ಇಳಿದಿದ್ದರೆ ಸರಿಯಾಗಿ ಕೂತಿದೆ. ಇಳಿದಿಲ್ಲವೆಂದರೆ ಪೇಸ್ಟ್ ಅಥವಾ ಸ್ಕ್ರೂ ಬಿಗಿತದಲ್ಲಿ ದೋಷವಿದೆ, ಮತ್ತೆ ಬಿಚ್ಚಬೇಕು. ವಾರಂಟಿ ಇರುವ ಕಾರ್ಡ್‌ಗೆ ಈ ಕೆಲಸ ಬೇಡ. ಹಳೆಯ ಹೀಟ್‌ಸಿಂಕ್, ಫ್ಯಾನ್, ಸ್ಕ್ರೂಗಳನ್ನು ಒಂದು ಡಬ್ಬಿಯಲ್ಲಿ ಕಟ್ಟಿಡಿ. ಎಐಒ ಪಂಪ್ ಕೈಕೊಟ್ಟ ದಿನ ಕಾರ್ಡ್ ಉಳಿಯುವುದು ಅವುಗಳಿಂದಲೇ.