ಪ್ಲೇಟು ಹೆಚ್ಚಿತು, ಬ್ರೇಕು ಹೆಚ್ಚಲಿಲ್ಲ

ಸೆಕೆಂಡ್‌ಹ್ಯಾಂಡ್ ಪಿಕಪ್ ಮನೆಗೆ ಬಂದ ವಾರದಲ್ಲೇ ನಮ್ಮ ಕಡೆ ಅದನ್ನು ಬೆಳೆಸುವ ಕೆಲಸ ಶುರುವಾಗುತ್ತದೆ. ಹಿಂದಿನ ಲೀಫ್ ಸ್ಪ್ರಿಂಗಿಗೆ ಒಂದೆರಡು ಪ್ಲೇಟು, ಬಾಡಿಯ ಸುತ್ತ ಎತ್ತರದ ಕಬ್ಬಿಣದ ಜಾಲರಿ, ತಳಕ್ಕೆ ಚೆಕರ್ ಶೀಟು, ಮುಂದೊಂದು ಗಾರ್ಡು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸುತ್ತಿನ ತೋಟದವರಿಗೆ ಇದಕ್ಕೆ ಕಾರಣವಿಲ್ಲದೆ ಇಲ್ಲ. ತೆಂಗಿನ ಮಟ್ಟೆ ನೋಡಲು ರಾಶಿ, ತೂಗಿದರೆ ಹಗುರ. ನಾರಿನ ಫ್ಯಾಕ್ಟರಿಗೆ ಒಯ್ಯುವಾಗ ಬಾಡಿ ಸಾಲುವುದೇ ಇಲ್ಲ. ಆದರೆ ಮಟ್ಟೆಗೆಂದು ಎತ್ತರಿಸಿದ ಬಾಡಿ ಎಳನೀರಿನ ದಿನ ತಗ್ಗುವುದಿಲ್ಲವಲ್ಲ. ಒಂದು ಎಳನೀರು ಒಂದೂವರೆಯಿಂದ ಎರಡು ಕೆ.ಜಿ. ತೂಗುತ್ತದೆ. 800 ಕಾಯಿ ಹೇರಿದರೆ 1.3 ಟನ್ ಹೊರುವ ಪಿಕಪ್‌ನ ಮಿತಿ ಮುಗಿದಂತೆಯೇ. ಜಾಗ ಇನ್ನೂ ಉಳಿದಿರುತ್ತದೆ, ಜಾಗ ಇದ್ದರೆ ಕೈ ಸುಮ್ಮನಿರುವುದಿಲ್ಲ. ಹಾಗಾಗಿ ನನ್ನ ವಾದ ಇಷ್ಟು: ಹಳೇ ಗಾಡಿಗೆ ಮನೆಯಲ್ಲಿ ಮಾಡುವ ಕೆಲಸ ಸವೆದದ್ದನ್ನು ಸರಿಪಡಿಸುವುದಕ್ಕೆ ನಿಲ್ಲಬೇಕು, ಹೊರುವ ಶಕ್ತಿಯನ್ನು ಮುಟ್ಟಬಾರದು.

"ಕಂಪನಿಯವರು ಹೇಗೂ ಕಡಿಮೆ ಬರೆದಿರ್ತಾರೆ, ಎರಡು ಪ್ಲೇಟು ಹಾಕಿಸು, ಗಾಡಿ ಕೂರಲ್ಲ" ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. (ಹೇಳುವವರು ಬಹುಪಾಲು ಸ್ಟೇರಿಂಗ್ ಹಿಡಿಯದ ನೆಂಟರು.) ಗಾಡಿ ಕೂರುವುದಿಲ್ಲ ಎಂಬುದು ನಿಜ, ಅಪಾಯ ಇರುವುದೂ ಅಲ್ಲೇ. ಅನೇಕ ಸಣ್ಣ ಗೂಡ್ಸ್ ವಾಹನಗಳಲ್ಲಿ ಎಲ್‌ಎಸ್‌ಪಿವಿ ಎಂಬ ವಾಲ್ವ್ ಇರುತ್ತದೆ. ಛಾಸಿಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸಣ್ಣ ಕಡ್ಡಿಯಿಂದ ಅದು ಅಂತರವನ್ನು ಅಳೆಯುತ್ತದೆ. ಲೋಡ್ ಬಿದ್ದು ಹಿಂಭಾಗ ಕುಸಿದರೆ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಕೊಡುತ್ತದೆ. ಖಾಲಿ ಇದ್ದರೆ ಚಕ್ರ ಜಾಮ್ ಆಗಿ ಜಾರದಂತೆ ಕಡಿಮೆ ಕೊಡುತ್ತದೆ. ಪ್ಲೇಟು ಹೆಚ್ಚಿಸಿದ ಗಾಡಿ ಒಂದೂವರೆ ಟನ್ ಹೊತ್ತರೂ ಕುಸಿಯದೆ ನಿಲ್ಲುತ್ತದೆ. ವಾಲ್ವ್‌ನ ಲೆಕ್ಕದಲ್ಲಿ ಅದು ಖಾಲಿ ಗಾಡಿ. ಬ್ರೇಕ್ ಹೆಚ್ಚು ಬೇಕಾದ ಹೊತ್ತಿಗೇ ಹಿಂದಿನ ಚಕ್ರಗಳಿಗೆ ಕಡಿಮೆ ಸಿಗುತ್ತದೆ, ಭಾರವೆಲ್ಲ ಮುಂದಿನವುಗಳ ಮೇಲೆ ಬೀಳುತ್ತದೆ. ನಮ್ಮ ಕೆರೆ ಏರಿಗಳ ರಸ್ತೆ ನೆನೆಸಿಕೊಳ್ಳಿ: ಇಕ್ಕಟ್ಟು, ಒಂದು ಕಡೆ ನೀರು, ಇನ್ನೊಂದು ಕಡೆ ಆಳದ ಗದ್ದೆ, ಕೊನೆಯಲ್ಲಿ ಇಳಿಜಾರಿನ ತಿರುವು. ಎತ್ತರದ ಬಾಡಿಯಿಂದ ಭಾರದ ಕೇಂದ್ರ ಮೇಲೇರಿರುತ್ತದೆ. ಎದುರಿಗೆ ಬಸ್ ಬಂತೆಂದು ಬ್ರೇಕ್ ತುಳಿದು ಸ್ಟೇರಿಂಗ್ ಎಳೆದರೆ ಮುಂಭಾಗ ಕುಗ್ಗುತ್ತದೆ, ಹಿಂಭಾಗ ತಳ್ಳುತ್ತಲೇ ಇರುತ್ತದೆ, ಮೇಲಿನ ಸರಕು ಒಂದು ಪಕ್ಕಕ್ಕೆ ವಾಲುತ್ತದೆ. ಇಂಥ ಹೊತ್ತಿಗೆ ಡ್ರೈವರ್ ಎಷ್ಟು ಪಳಗಿದವನಾದರೂ ಉಪಯೋಗವಿಲ್ಲ. ಬೇಕಾದ್ದು ಬ್ರೇಕು, ಅದನ್ನು ಗ್ಯಾರೇಜಿನಲ್ಲೇ ಕಡಿಮೆ ಮಾಡಿಸಿಕೊಂಡು ಬಂದಾಗಿದೆ.

"ತೋಟದಿಂದ ಮಂಡಿಗೆ ಹೋಗೋ ಗಾಡಿ, ಯಾರು ಹಿಡೀತಾರೆ?" ಎನ್ನುವವರಿಗೂ ಉತ್ತರ ಕೊಡಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಅಕ್ರಮ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಓವರ್‌ಲೋಡಿಗೆ 20,000, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಕಾಗದದ ಮೇಲೆ ಕಾನೂನು ಬಿಗಿಯಾಗಿದೆ. ಎಫ್‌ಸಿಗೆ ಮುಂಚಿನ ದಿನ ಜಾಲರಿ ಬಿಚ್ಚಿ, ಮರುದಿನ ಮತ್ತೆ ಕಟ್ಟುವವರು ಎಲ್ಲೆಲ್ಲೂ ಇದ್ದಾರೆ. ಹೊಸ ವೆಲ್ಡಿಂಗ್ ಗುರುತು ನೋಡಿಯೂ ನೋಡದಂತಿರುವ ಇನ್ಸ್‌ಪೆಕ್ಟರ್ ಇದರಲ್ಲಿ ಪಾಲುದಾರ. ಯಾರೂ ಹಿಡಿಯಲಿಲ್ಲ ಎಂದೇ ಇಟ್ಟುಕೊಳ್ಳೋಣ. ಅಪಘಾತವಾದ ದಿನ ವಿಮೆಯ ಸರ್ವೇಯರ್ ಖಂಡಿತ ಬರುತ್ತಾನೆ, ತಕರಾರಿಗೆ ಅವನಿಗೆ ಆ ಪ್ಲೇಟುಗಳೇ ಸಾಕು.

ತಳಕ್ಕೆ ಶೀಟು ಹೊಡೆಸುವುದರಲ್ಲಿ ಏನು ತಪ್ಪು ಎಂಬ ಆಕ್ಷೇಪ ನ್ಯಾಯವಾದದ್ದೇ, ಹಸಿ ಮಟ್ಟೆಯ ತೇವಕ್ಕೆ ತಗಡು ತಿಂದುಹೋಗುತ್ತದೆ. ಆದರೂ 3 ಮಿ.ಮೀ. ಕಬ್ಬಿಣದ ಶೀಟು ಚದರ ಮೀಟರಿಗೆ ಸುಮಾರು 24 ಕೆ.ಜಿ.; ಪಿಕಪ್‌ನ ತಳಕ್ಕೆಲ್ಲ ಹಾಕಿದರೆ ನೂರು ಕೆ.ಜಿ. ಆಸುಪಾಸು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕದಲ್ಲಿ ಗಾಡಿಯೂ ಸೇರಿದೆ, ಆದ್ದರಿಂದ ಪ್ರತಿ ಟ್ರಿಪ್ಪಿಗೂ ಐವತ್ತು ಎಳನೀರಿನಷ್ಟು ಸರಕು ಬಿಟ್ಟು ಕಬ್ಬಿಣವನ್ನೇ ಹೊತ್ತು ತಿರುಗಿದಂತೆ. ಹಳೇ ತಗಡಿನ ಮೇಲೇ ಶೀಟು ಕೂರಿಸಿದರಂತೂ ನಡುವೆ ನೀರು ನಿಂತು, ತುಕ್ಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ತಿಂದುಹೋದಷ್ಟನ್ನು ಕತ್ತರಿಸಿ ತೇಪೆ ಹಾಕಿ, ಪ್ರೈಮರ್ ಬಳಿದು, ನೀರಿನ ತೂತುಗಳನ್ನು ಬಿಡಿಸಿದರೆ ಸಾಕು. ಶೀಟಿನ ಜೊತೆಗೆ ಹಾಕಿಸುವ ಸಾಲು ದೀಪದ ವಿಷಯ ಇದಕ್ಕಿಂತ ಗಂಭೀರ. ಒಣ ನಾರಿನ ಧೂಳು ತುಂಬಿದ ಗಾಡಿಯಲ್ಲಿ ಹೆಡ್‌ಲೈಟಿನ ವೈರಿಗೆ ಟೇಪ್ ಸುತ್ತಿ ಸಾಲು ದೀಪ ಎಳೆದರೆ, ಬಿಸಿಯಾದ ಆ ಒಂದು ಗಂಟು ಇಡೀ ಲೋಡಿಗೆ ಬೆಂಕಿ ಹಚ್ಚಬಲ್ಲದು. ಮನೆಯಲ್ಲಿ ಕೈ ಹಾಕುವುದಿದ್ದರೆ ಟೇಪ್ ಸುತ್ತಿದ ಹಳೇ ಗಂಟುಗಳನ್ನು ಬಿಡಿಸಿ, ಸರಿಯಾದ ಫ್ಯೂಸ್ ಹಾಕುವುದು ಮೊದಲು.

ಗಾಡಿಗೊಂದು ಕಳೆ ಬೇಡವೇ ಎಂದರೆ, ಬೇಕು. ಎಡೆಯೂರು ಸಿದ್ಧಲಿಂಗೇಶ್ವರನ ಹೆಸರು ಬರೆಸಿ, ಸೀಟಿಗೆ ಹೊಸ ಕವರ್ ಹೊಲಿಸಿ. ಬಣ್ಣ ಮಾತ್ರ ಆರ್‌ಸಿಯಲ್ಲಿ ಇರುವುದನ್ನೇ ಹೊಡೆಸಿ, ಅದೂ ದಾಖಲೆಯೇ. ಮಾರುವಾಗ ಬೆಲೆ ಬರಲೆಂದು ಬಾಡಿ ಕಟ್ಟಿಸುತ್ತೇವೆ ಎನ್ನುವವರ ಲೆಕ್ಕ ನನಗೆ ಅರ್ಥವಾಗಿಲ್ಲ. ಗೊತ್ತಿರುವ ಗಿರಾಕಿ ಮೊದಲು ಗಾಡಿಯ ಅಡಿಗೆ ಬಗ್ಗುತ್ತಾನೆ, ಛಾಸಿಯ ಮೇಲೆ ವೆಲ್ಡಿಂಗ್ ಗುರುತು ಕಂಡರೆ ಅಲ್ಲಿಂದಲೇ ರೇಟು ಇಳಿಸಲು ಶುರುಮಾಡುತ್ತಾನೆ.